ಕಪ್ಪು ಕೆಸರಿನ ಊಟದ ಪಟ್ಟಿ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಕಡಲು ಸೇರುವ ಅಳಿವೆಗೆ ಇಳಿತದ ಹೊತ್ತಿನಲ್ಲಿ ಹೋದರೆ ಕೆಸರಿನಲ್ಲಿ ನಿಂತು ಬಳಚು ಹೆಕ್ಕುವವರು ಕಾಣುತ್ತಾರೆ. ಕಾಂಡ್ಲಾ ಗಿಡಗಳ ಬುಡದಲ್ಲಿ ಕೆಸರಿನ ಮೇಲ್ಪದರ ಮಾತ್ರ ಕಂದು. ಬೆರಳು ಊರಿದರೆ ಕೆಳಗೆ ಅಚ್ಚ ಕಪ್ಪು. ಆ ಕಪ್ಪನ್ನು ಕೆದಕಿದರೆ ಮೂಗಿಗೆ ಬಡಿಯುವುದು ಕೊಳೆತ ಮೊಟ್ಟೆಯ ವಾಸನೆ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳನ್ನು ಗುರುತಿಸುವ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಹಕ್ಕಿ, ಮೀನು, ಸಿಗಡಿ, ಚಿಪ್ಪುಗಳಿಗೆ ಅಂಥ ಪಟ್ಟಿಗಳಲ್ಲಿ ಜಾಗವಿದೆ. ಕೆಸರನ್ನು ಕಪ್ಪಾಗಿಸಿದವರಿಗೆ ಇಲ್ಲ.

ಆ ಕೆಲಸ ಮಾಡಿದವರು ಸಲ್ಫೇಟ್ ಅಪಕರ್ಷಕ ಬ್ಯಾಕ್ಟೀರಿಯಾಗಳು. ನಾವು ಆಮ್ಲಜನಕ ಉಸಿರಾಡುವಂತೆ ಅವು ಸಲ್ಫೇಟನ್ನು ಉಸಿರಾಡುತ್ತವೆ. ನಾವು ಉಸಿರು ಬಿಟ್ಟಾಗ ಇಂಗಾಲದ ಡೈಆಕ್ಸೈಡ್ ಬಂದರೆ ಅವುಗಳಿಂದ ಜೊತೆಗೆ ಹೈಡ್ರೋಜನ್ ಸಲ್ಫೈಡ್ ಅನಿಲವೂ ಬರುತ್ತದೆ. ಅದು ಮಣ್ಣಿನಲ್ಲಿರುವ ಕಬ್ಬಿಣದೊಂದಿಗೆ ಸೇರಿದರೆ ಕಪ್ಪನೆಯ ಕಬ್ಬಿಣದ ಸಲ್ಫೈಡ್. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುವುದರಿಂದ ಉಬ್ಬರ ಬಂದಾಗಲೆಲ್ಲ ಅಳಿವೆಯ ಕೆಸರಿಗೆ ಹೊಸ ಉಸಿರು ಸಿಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಬಂಡೆಗಳಲ್ಲಿ ಗಂಧಕದ ಐಸೋಟೋಪ್‌ಗಳನ್ನು ಅಳೆದವರು ಈ ಬಗೆಯ ಉಸಿರಾಟಕ್ಕೆ ಸುಮಾರು 347 ಕೋಟಿ ವರ್ಷಗಳ ವಯಸ್ಸು ಹೇಳಿದ್ದಾರೆ. ಗಾಳಿಯಲ್ಲಿ ಆಮ್ಲಜನಕ ತುಂಬಿಕೊಳ್ಳುವುದಕ್ಕೆ ನೂರು ಕೋಟಿ ವರ್ಷ ಮೊದಲಿನ ಮಾತು ಅದು.

ಇವು ಹೇಗೆ ಉಸಿರಾಡುತ್ತವೆ ಎಂಬುದು ವಿಜ್ಞಾನಕ್ಕೆ ಬೇಗ ಗೊತ್ತಾಯಿತು. ಏನು ತಿನ್ನುತ್ತವೆ ಎಂಬುದು ಮಾತ್ರ ಬಹಳ ತಡವಾಗಿ ತಿಳಿಯಿತು. ಇವು ಸಕ್ಕರೆಯನ್ನು ಹೆಚ್ಚಾಗಿ ಮುಟ್ಟುವುದಿಲ್ಲ, ಲ್ಯಾಕ್ಟೇಟ್‌ನಂಥ ನಾಲ್ಕಾರು ಸರಳ ಪದಾರ್ಥಗಳನ್ನು ಬಿಟ್ಟರೆ ಬೇರೇನೂ ಒಗ್ಗುವುದಿಲ್ಲ ಎಂದು ಬಹುಕಾಲ ನಂಬಲಾಗಿತ್ತು. ಪ್ರೋಟೀನ್ ಒಡೆದಾಗ ಸಿಗುವ ಅಮೈನೋ ಆಮ್ಲಗಳನ್ನೇ ತಿಂದು ಬೆಳೆಯುವವರು ಇವುಗಳಲ್ಲಿ ಇದ್ದಾರೆ ಎಂಬುದು ಗಟ್ಟಿಯಾಗಿ ದಾಖಲಾದದ್ದು ಕಳೆದ ಶತಮಾನದ ಕೊನೆಯ ಕೆಲವು ದಶಕಗಳಲ್ಲಿ. ತಡವಾದದ್ದಕ್ಕೆ ಕಾರಣ ಕೆಸರಿನಲ್ಲಿರಲಿಲ್ಲ, ಪ್ರಯೋಗಾಲಯದ ಬಾಟಲಿಯಲ್ಲಿತ್ತು. ನಾವು ಬಡಿಸಿದ್ದನ್ನು ತಿಂದವರು ಮಾತ್ರ ನಮ್ಮ ಕಣ್ಣಿಗೆ ಬಿದ್ದರು.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕೊಳೆತ ಮೊಟ್ಟೆಯ ವಾಸನೆಗೂ ಕಪ್ಪು ಕೆಸರಿನ ವಾಸನೆಗೂ ಅನಿಲ ಒಂದೇ, ಆದರೆ ಅದು ಹುಟ್ಟುವ ದಾರಿ ಬೇರೆ. ಪ್ರೋಟೀನ್ ಕಟ್ಟುವ 20 ಅಮೈನೋ ಆಮ್ಲಗಳಲ್ಲಿ ಸಿಸ್ಟೀನ್ ಮತ್ತು ಮಿಥಿಯೊನಿನ್ ಎಂಬ ಎರಡರಲ್ಲಿ ಗಂಧಕ ಇರುತ್ತದೆ. ಮೊಟ್ಟೆ ಕೊಳೆತಾಗ ಸಾಮಾನ್ಯ ಬ್ಯಾಕ್ಟೀರಿಯಾಗಳು ಅವನ್ನು ಒಡೆದು ಗಂಧಕವನ್ನು ಅನಿಲವಾಗಿ ಹೊರಹಾಕುತ್ತವೆ. ಇದಕ್ಕೆ ಸಲ್ಫೇಟ್ ಬೇಕಾಗಿಲ್ಲ. ಮೊಟ್ಟೆ ಕೊಳೆಯಲೇಬೇಕೆಂದೂ ಇಲ್ಲ: ಹೆಚ್ಚು ಹೊತ್ತು ಬೇಯಿಸಿದ ಮೊಟ್ಟೆಯನ್ನು ಕೊಯ್ದರೆ ಹಳದಿ ಭಾಗದ ಸುತ್ತ ಹಸಿರು ಮಿಶ್ರಿತ ಬೂದು ಬಣ್ಣದ ಉಂಗುರ ಕಾಣುತ್ತದೆ. ಬಿಳಿ ಭಾಗದ ಪ್ರೋಟೀನ್‌ನಿಂದ ಬಿಟ್ಟುಕೊಂಡ ಗಂಧಕ ಹಳದಿಯಲ್ಲಿರುವ ಕಬ್ಬಿಣವನ್ನು ಸೇರಿ ಆದ ಕಬ್ಬಿಣದ ಸಲ್ಫೈಡ್ ಅದು. ಕಾಂಡ್ಲಾ ಬುಡದ ಕಪ್ಪು ಬಣ್ಣಕ್ಕೂ ಅದೇ ಸಂಯುಕ್ತ ಕಾರಣ. ಕೆಸರಿನಲ್ಲಿ ಮಾತ್ರ ಗಂಧಕದ ಬಹುಪಾಲು ಬರುವುದು ನೀರಿನ ಸಲ್ಫೇಟ್‌ನಿಂದ. ಅಲ್ಲಿ ಅಮೈನೋ ಆಮ್ಲ ಗಂಧಕದ ಮೂಲವಾಗಿ ಬರುವುದು ಕಡಿಮೆ, ಉರುವಲಾಗಿ ಬರುತ್ತದೆ. ಈ ಲೇಖನದ ವಿಷಯ ಆ ಉರುವಲು.

ಕತೆ ಶುರುವಾಗುವುದು ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ. ಮಾರ್ಟಿನಸ್ ಬೈಯರಿಂಕ್ ಅಲ್ಲಿನ ಯೀಸ್ಟ್ ಮತ್ತು ಮದ್ಯಸಾರದ ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದು 1895ರಲ್ಲಿ ಪಾಲಿಟೆಕ್ನಿಕ್‌ಗೆ ಪ್ರಾಧ್ಯಾಪಕನಾಗಿ ಬಂದವನು. ತಂಬಾಕು ಎಲೆಯ ರೋಗಕ್ಕೆ ಬ್ಯಾಕ್ಟೀರಿಯಾಕ್ಕಿಂತ ಸೂಕ್ಷ್ಮವಾದ ಯಾವುದೋ ಕಾರಣ ಎಂದು 1898ರಲ್ಲಿ ಹೇಳಿ ವೈರಸ್ ವಿಜ್ಞಾನಕ್ಕೆ ಅಡಿಪಾಯ ಹಾಕಿದವನೂ ಇವನೇ. 1895ರಲ್ಲಿ ಅವನು ನೀರಿನ ಕಾಲುವೆಗಳ ಕೆಸರಿನಿಂದ ಸುರುಳಿಯಾಕಾರದ, ಚುರುಕಾಗಿ ಓಡಾಡುವ, ಗಾಳಿ ಸೋಂಕದ ಕಡೆ ಮಾತ್ರ ಬದುಕುವ ಒಂದು ಜೀವಿಯನ್ನು ಬೆಳೆಸಿ ಸಲ್ಫೇಟನ್ನು ಸಲ್ಫೈಡ್ ಮಾಡುವುದು ಇದೇ ಎಂದು ತೋರಿಸಿದ. ಸ್ಪಿರಿಲ್ಲಮ್ ಡೀಸಲ್ಫ್ಯೂರಿಕಾನ್ಸ್ ಎಂದು ಹೆಸರಿಟ್ಟ. ಈಗಿನ ಡೀಸಲ್ಫೋವಿಬ್ರಿಯೋ ಎಂಬ ಕುಲನಾಮ ಬಂದದ್ದು 1936ರಲ್ಲಿ, ಅದೇ ಡೆಲ್ಫ್ಟ್ ಪರಂಪರೆಯ ಕ್ಲೂಯ್ವರ್ ಮತ್ತು ವಾನ್ ನೀಲ್ ಅವರಿಂದ.

ಬೈಯರಿಂಕ್‌ನ ದೊಡ್ಡ ಕೊಡುಗೆ ಒಂದು ವಿಧಾನ. ಕೆಸರಿನಲ್ಲಿ ಸಾವಿರ ಬಗೆಯ ಜೀವಿಗಳಿರುತ್ತವೆ; ಬೇಕಾದ ಒಂದನ್ನು ಹಿಡಿಯಬೇಕಾದರೆ ಅದೊಂದಕ್ಕೇ ಅನುಕೂಲವಾಗುವ ಊಟ ಮತ್ತು ವಾತಾವರಣ ಕೊಡಬೇಕು. ಉಳಿದವು ಸೊರಗುತ್ತವೆ, ಅದು ಮೇಲುಗೈ ಸಾಧಿಸುತ್ತದೆ. ಸೂಕ್ಷ್ಮಜೀವಿ ವಿಜ್ಞಾನದ ಅರ್ಧ ಸಾಧನೆ ಈ ಉಪಾಯದ ಮೇಲೆ ನಿಂತಿದೆ. ಇದರ ಇನ್ನೊಂದು ಮುಖವನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಏನು ಬಡಿಸಬೇಕು ಎಂದು ಮೊದಲೇ ತೀರ್ಮಾನಿಸಿದವನು ಯಾರು ಊಟಕ್ಕೆ ಬರುತ್ತಾರೆ ಎಂಬುದನ್ನೂ ತೀರ್ಮಾನಿಸಿಬಿಟ್ಟಿರುತ್ತಾನೆ.

ಬೈಯರಿಂಕ್‌ನ ಶಿಷ್ಯ ವಾನ್ ಡೆಲ್ಡೆನ್ 1903ರಲ್ಲಿ ಈ ಬ್ಯಾಕ್ಟೀರಿಯಾಗಳಿಗಾಗಿ ಒಂದು ಪಾಕ ಸಿದ್ಧಪಡಿಸಿದ. ಒಂದು ಲೀಟರ್ ನಲ್ಲಿ ನೀರು, ಅದಕ್ಕೆ 5 ಗ್ರಾಂ ಸೋಡಿಯಂ ಲ್ಯಾಕ್ಟೇಟ್, 1 ಗ್ರಾಂ ಆಸ್ಪರಜಿನ್, ಮೆಗ್ನೀಸಿಯಂ ಸಲ್ಫೇಟ್, ಫಾಸ್ಫೇಟ್, ಚಿಟಿಕೆಯಷ್ಟು ಕಬ್ಬಿಣ. ಈ ಪಟ್ಟಿಯಲ್ಲಿ ಆಸ್ಪರಜಿನ್ ಏನು ಮಾಡುತ್ತಿದೆ ನೋಡಿ. ಅದು ಅಮೈನೋ ಆಮ್ಲ. ಮನುಷ್ಯ ಮೊಟ್ಟಮೊದಲು ಬೇರ್ಪಡಿಸಿದ ಅಮೈನೋ ಆಮ್ಲವೂ ಅದೇ, 1806ರಲ್ಲಿ ಫ್ರಾನ್ಸಿನಲ್ಲಿ ಶತಾವರಿಯ ಜಾತಿಯ ಗಿಡದ ರಸದಿಂದ. ವಾನ್ ಡೆಲ್ಡೆನ್ ಅದನ್ನು ಹಾಕಿದ್ದು ಸಾರಜನಕ ಸಿಗಲಿ ಎಂದು. ಲ್ಯಾಕ್ಟೇಟ್ ಊಟ, ಆಸ್ಪರಜಿನ್ ಪಕ್ಕದ ವ್ಯಂಜನ. ಅರ್ಧ ಶತಮಾನದ ನಂತರ ಇಂಗ್ಲೆಂಡಿನಲ್ಲಿ ಜಾನ್ ಪೋಸ್ಟ್‌ಗೇಟ್ ತಯಾರಿಸಿದ, ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಪಾಕಗಳಲ್ಲೂ ಇದೇ ಏರ್ಪಾಡು: ಲ್ಯಾಕ್ಟೇಟ್ ಮುಖ್ಯ, ಜೊತೆಗೆ ಲೀಟರಿಗೆ ಒಂದು ಗ್ರಾಂ ಯೀಸ್ಟ್ ಸಾರ. ಯೀಸ್ಟ್ ಸಾರ ಎಂದರೆ ಬಹುಪಾಲು ಅಮೈನೋ ಆಮ್ಲ ಮತ್ತು ಪ್ರೋಟೀನ್ ಚೂರುಗಳೇ. ಹೀಗೆ ಶುರುವಿನಿಂದಲೂ ಅಮೈನೋ ಆಮ್ಲ ಬಾಟಲಿಯೊಳಗೇ ಇತ್ತು. ಅದೊಂದನ್ನೇ ಬಡಿಸಿ ನೋಡುವ ಯೋಚನೆ ಯಾರಿಗೂ ಬೇಗ ಬರಲಿಲ್ಲ.

ಬೇರೆ ಊಟದ ಸುದ್ದಿ ತಂದವರನ್ನು ನಂಬಲೂ ಇಲ್ಲ. ಡೆಲ್ಫ್ಟ್‌ನಲ್ಲೇ ಬಾರ್ಸ್ ಎಂಬುವನು 1930ರ ತನ್ನ ಪ್ರಬಂಧದಲ್ಲಿ ಈ ಬ್ಯಾಕ್ಟೀರಿಯಾಗಳು ಅಸಿಟೇಟ್ ಮತ್ತು ಕೊಬ್ಬಿನ ಆಮ್ಲಗಳನ್ನೂ ತಿನ್ನುತ್ತವೆ ಎಂದು ಬರೆದ. ಆಮೇಲಿನವರಿಗೆ ಅದು ಸಿಗಲಿಲ್ಲ. ಅವನ ಮಾದರಿ ಶುದ್ಧವಾಗಿರಲಿಲ್ಲ ಎಂದು ಪಕ್ಕಕ್ಕಿಟ್ಟರು. 1970ರ ದಶಕದಲ್ಲಿ ಜರ್ಮನಿಯ ಫ್ರೀಡ್ರಿಕ್ ವಿಡ್ಡೆಲ್ ತನ್ನ ಗುರು ನಾರ್ಬರ್ಟ್ ಫೆನಿಗ್ ಜೊತೆ ಲ್ಯಾಕ್ಟೇಟ್ ಬದಿಗಿಟ್ಟು ಅಸಿಟೇಟ್, ಪ್ರೊಪಿಯೋನೇಟ್, ಉದ್ದ ಸರಪಳಿಯ ಕೊಬ್ಬಿನ ಆಮ್ಲಗಳನ್ನು ಒಂದೊಂದಾಗಿ ಕೊಟ್ಟು ಕೆಸರಿನ ಜೀವಿಗಳನ್ನು ಬೆಳೆಸತೊಡಗಿದಾಗ ಹೊಸ ಹೊಸ ಕುಲಗಳೇ ಹೊರಬಿದ್ದವು. ಕೆಸರು ಹಳೆಯದೇ, ಬದಲಾದದ್ದು ಬಡಿಸಿದ ಪದಾರ್ಥ. ವಿಡ್ಡೆಲ್ ಕಂಡ ಒಂದು ಜೀವಿಗೆ ಪೋಸ್ಟ್‌ಗೇಟ್ ಹೆಸರನ್ನೇ ಇಡಲಾಯಿತು. ಗೌರವಕ್ಕೆ ಇಟ್ಟದ್ದು ನಿಜ; ಅದರಲ್ಲಿ ತುಸು ತುಂಟತನವೂ ಇದೆ ಎಂದು ನನಗನ್ನಿಸುತ್ತದೆ, ಏಕೆಂದರೆ ಪೋಸ್ಟ್‌ಗೇಟನ ಲ್ಯಾಕ್ಟೇಟ್ ಪಾಕದಲ್ಲಿ ಅದು ಬೆಳೆಯುವುದಿಲ್ಲ. ಅದಕ್ಕೆ ಬೇಕಾದದ್ದು ಅಸಿಟೇಟ್.

ಪೋಸ್ಟ್‌ಗೇಟನನ್ನು ಇಷ್ಟಕ್ಕೇ ಬಿಟ್ಟರೆ ಅನ್ಯಾಯವಾದೀತು. ಆಮ್ಲಜನಕ ಕಂಡರಾಗದ ಬ್ಯಾಕ್ಟೀರಿಯಾಗಳಲ್ಲಿ ಸೈಟೋಕ್ರೋಮ್ ಎಂಬ ಉಸಿರಾಟದ ಪ್ರೋಟೀನ್ ಇರುವುದಿಲ್ಲ ಎಂದು ಅಂದಿನವರು ನಂಬಿದ್ದರು. 1950ರ ದಶಕದ ಆರಂಭದಲ್ಲಿ ಪೋಸ್ಟ್‌ಗೇಟ್ ಮತ್ತು ಅದೇ ಹೊತ್ತಿಗೆ ಜಪಾನಿನ ಇಶಿಮೊಟೊ ತಂಡ ಇವುಗಳಲ್ಲಿ ಸೈಟೋಕ್ರೋಮ್ ಕಂಡರು. ಹುದುಗುವಿಕೆಯಿಂದ ಹೇಗೋ ಬದುಕುವ ಜೀವಿಯಲ್ಲ, ಇದು ನಿಜವಾಗಿಯೂ ಉಸಿರಾಡುತ್ತದೆ ಎಂದು ಗೊತ್ತಾದದ್ದು ಆಗ.

ಅಮೈನೋ ಆಮ್ಲದ ಸುದ್ದಿ ಬಿಡಿಬಿಡಿಯಾಗಿ ಬಂತು. 1960ರಲ್ಲಿ ಕುರಿಯ ಮೊದಲ ಹೊಟ್ಟೆಯಿಂದ ಒಂದು ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾ ಸಿಕ್ಕಿತು, ಡೀಸಲ್ಫೋಟೊಮ್ಯಾಕುಲಮ್ ರೂಮಿನಿಸ್. ಅದು ಅಲನಿನ್ ಎಂಬ ಅಮೈನೋ ಆಮ್ಲದ ಮೇಲೆ ಬೆಳೆಯಬಲ್ಲದು. 1985ರಲ್ಲಿ ಸ್ಟಾಮ್ಸ್, ಹ್ಯಾನ್ಸನ್, ಸ್ಕೈರಿಂಗ್ ಎಂಬ ಮೂವರು ಕಡಲಿನ ಎರಡು ಡೀಸಲ್ಫೋವಿಬ್ರಿಯೋ ತಳಿಗಳು ಅಮೈನೋ ಆಮ್ಲಗಳನ್ನೇ ಶಕ್ತಿಯ ಮೂಲವಾಗಿ ಬಳಸುವುದನ್ನು ಪ್ರಕಟಿಸಿದರು. ಮರುವರ್ಷ ಅದರ ರಾಸಾಯನಿಕ ದಾರಿಯನ್ನೂ ಬಿಡಿಸಿಟ್ಟರು. 1998ರಲ್ಲಿ ಕೊಲಂಬಿಯಾದ ರಾಜಧಾನಿ ಬೊಗೊಟಾದಿಂದ ಬಂದ ವರದಿ ಇನ್ನೂ ಸ್ಪಷ್ಟ. ಅಲ್ಲಿನ ಹಾಲಿನ ಉತ್ಪನ್ನಗಳ ಕಾರ್ಖಾನೆಯ ತ್ಯಾಜ್ಯ ನೀರನ್ನು ಗಾಳಿಯಿಲ್ಲದ ಹೊಂಡದಲ್ಲಿ ಕೊಳೆಯಿಸುತ್ತಿದ್ದರು. ಹಾಲಿನ ಕೇಸಿನ್ ಪ್ರೋಟೀನ್ ಕರಗಿ ಹರಿಯುವ ಜಾಗ. ಅಲ್ಲಿಂದ ಹೆಕ್ಕಿದ ಬ್ಯಾಕ್ಟೀರಿಯಾಕ್ಕೆ ಅಮೈನೋ ಆಮ್ಲ ಎಷ್ಟು ಇಷ್ಟವೆಂದರೆ ಅದಕ್ಕೆ ಇಟ್ಟ ಹೆಸರೇ ಡೀಸಲ್ಫೋವಿಬ್ರಿಯೋ ಅಮೈನೋಫಿಲಸ್. ಅದೇ ವರ್ಷ ಡೀಸಲ್ಫೋಬ್ಯಾಕ್ಟೀರಿಯಂ ವ್ಯಾಕುಯೊಲೇಟಮ್ ಎಂಬ ಇನ್ನೊಂದು ಕುಲದ ಜೀವಿ ಅಮೈನೋ ಆಮ್ಲ ಒಡೆಯುವ ಬಗ್ಗೆಯೂ ಲೇಖನ ಬಂತು. ಅಂದರೆ ಇದು ಒಂದು ಮನೆತನದ ವಿಚಿತ್ರ ಚಪಲವಲ್ಲ.

ಈಗ ಊಟ ಒಳಗೆ ಹೋದ ಮೇಲೆ ಏನಾಗುತ್ತದೆ ನೋಡೋಣ. ಅಲನಿನ್ ಅತ್ಯಂತ ಸರಳ ಉದಾಹರಣೆ. ಅದರಲ್ಲಿ ಮೂರು ಇಂಗಾಲದ ಪರಮಾಣುಗಳು, ಒಂದು ಸಾರಜನಕ. ಮೊದಲ ಹೆಜ್ಜೆಯಲ್ಲೇ ಬ್ಯಾಕ್ಟೀರಿಯಾ ಸಾರಜನಕವನ್ನು ಅಮೋನಿಯಾ ರೂಪದಲ್ಲಿ ಕಳಚಿಹಾಕುತ್ತದೆ, ಜೊತೆಗೆ ಎರಡು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಉಳಿಯುವುದು ಪೈರುವೇಟ್. ಲ್ಯಾಕ್ಟೇಟ್ ತಿಂದಾಗಲೂ ಮೊದಲ ಹೆಜ್ಜೆಗೆ ಎರಡು ಎಲೆಕ್ಟ್ರಾನ್ ಕೊಟ್ಟು ಪೈರುವೇಟ್ ಆಗುತ್ತದೆ! ನೂರು ವರ್ಷ ಬಡಿಸಿದ ಊಟಕ್ಕೂ ಯಾರೂ ಬಡಿಸದ ಊಟಕ್ಕೂ ಇದ್ದ ಅಂತರ ಒಂದು ಅಮೋನಿಯಾದಷ್ಟು. ಹಾಗಾದರೆ ಲ್ಯಾಕ್ಟೇಟ್ ತಿನ್ನುವ ಎಲ್ಲವೂ ಅಲನಿನ್ ಯಾಕೆ ತಿನ್ನುವುದಿಲ್ಲ? ಅದನ್ನು ಜೀವಕೋಶದ ಒಳಗೆ ಸಾಗಿಸುವ ಬಾಗಿಲು ಬೇಕು, ಅಮೋನಿಯಾ ಕಳಚುವ ಕಿಣ್ವ ಬೇಕು. ಇವೆರಡೂ ಸಾಕಷ್ಟು ಇದ್ದವು ಮಾತ್ರ ಬೆಳೆಯುತ್ತವೆ.

ಪೈರುವೇಟ್‌ನಿಂದ ಮುಂದೆ ಒಂದು ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಇನ್ನೆರಡು ಎಲೆಕ್ಟ್ರಾನ್ ಸಿಗುತ್ತವೆ, ಕೊನೆಗೆ ಅಸಿಟೇಟ್ ಉಳಿಯುತ್ತದೆ. ಈ ಹಾದಿಯಲ್ಲಿ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಒಂದು ಹುಟ್ಟುತ್ತದೆ. ಒಟ್ಟು ಗಳಿಕೆ: ಒಂದು ಅಲನಿನ್‌ಗೆ ನಾಲ್ಕು ಎಲೆಕ್ಟ್ರಾನ್, ಒಂದು ಎಟಿಪಿ. ಆ ಎಲೆಕ್ಟ್ರಾನ್‌ಗಳನ್ನು ಎಲ್ಲಿಯಾದರೂ ಇಳಿಸಲೇಬೇಕು. ನಾವು ಆಮ್ಲಜನಕದ ಮೇಲೆ ಇಳಿಸುತ್ತೇವೆ, ಇವು ಸಲ್ಫೇಟ್ ಮೇಲೆ. ಒಂದು ಸಲ್ಫೇಟ್ ಸಲ್ಫೈಡ್ ಆಗಲು ಎಂಟು ಎಲೆಕ್ಟ್ರಾನ್ ಬೇಕು, ಆದ್ದರಿಂದ ಎರಡು ಅಲನಿನ್‌ಗೆ ಒಂದು ಸಲ್ಫೇಟ್.

ತೊಡಕು ಇರುವುದು ಇಲ್ಲಿ. ಸಲ್ಫೇಟ್ ಬಹಳ ಜಡ. ಎಲೆಕ್ಟ್ರಾನ್ ಕೊಡಲು ಹೋದರೆ ತೆಗೆದುಕೊಳ್ಳುವುದಿಲ್ಲ. ಅದನ್ನು ಮೊದಲು ಎಟಿಪಿಯೊಂದಿಗೆ ಕೂಡಿಸಿ ಎಪಿಎಸ್ ಎಂಬ ಸಂಯುಕ್ತ ಮಾಡಬೇಕು. ಆಗ ಅದು ಎಲೆಕ್ಟ್ರಾನ್‌ಗೆ ಒಗ್ಗುತ್ತದೆ: ಎರಡು ಪಡೆದು ಸಲ್ಫೈಟ್ ಆಗುತ್ತದೆ, ಇನ್ನಾರು ಪಡೆದು ಸಲ್ಫೈಡ್. ಈ ಕೂಡಿಸುವ ಕೆಲಸಕ್ಕೆ ತಗಲುವ ಖರ್ಚು ಎರಡು ಎಟಿಪಿಗೆ ಸಮ. ಎರಡು ಅಲನಿನ್ ತಿಂದು ಗಳಿಸಿದ್ದು ಎರಡು ಎಟಿಪಿ. ಉಸಿರಾಡಲು ಕಳೆದದ್ದು ಎರಡು. ಲೆಕ್ಕ ಸೊನ್ನೆ!

ಸೊನ್ನೆ ಲಾಭದಲ್ಲಿ ಯಾವ ಜೀವಿಯೂ ಬೆಳೆಯಲಾರದು. ಆದರೂ ಬೆಳೆಯುತ್ತವೆಯಲ್ಲ? ಲ್ಯಾಕ್ಟೇಟ್ ವಿಷಯದಲ್ಲೂ ಇದೇ ಸೊನ್ನೆ ಬರುತ್ತಿತ್ತು. ಈ ಒಗಟಿಗೆ 1960ರಲ್ಲಿ ಅಮೆರಿಕದ ಹ್ಯಾರಿ ಪೆಕ್ ಉತ್ತರದ ಎಳೆ ಹಿಡಿದ. ಎಲೆಕ್ಟ್ರಾನ್‌ಗಳು ಸಲ್ಫೇಟ್ ಕಡೆಗೆ ಸಾಗುವ ದಾರಿಯಲ್ಲೇ ಬೇರೊಂದು ಗಳಿಕೆ ಇದೆ. ಜೀವಕೋಶದ ಪೊರೆಯಲ್ಲಿ ಕೂತಿರುವ ಪ್ರೋಟೀನ್‌ಗಳ ಮೂಲಕ ಎಲೆಕ್ಟ್ರಾನ್ ಹಾದುಹೋಗುವಾಗ ಪೊರೆಯ ಹೊರಗೆ ಪ್ರೋಟಾನ್‌ಗಳು ಜಮೆಯಾಗುತ್ತವೆ. ಲಿಂಗನಮಕ್ಕಿಯಲ್ಲಿ ನಿಲ್ಲಿಸಿದ ನೀರು ಕೊಳವೆಯಲ್ಲಿ ಇಳಿದು ಶರಾವತಿಯ ಟರ್ಬೈನ್ ತಿರುಗಿಸುವ ಹಾಗೆ, ಆ ಪ್ರೋಟಾನ್‌ಗಳು ಒಳಗೆ ಮರಳುವಾಗ ಪೊರೆಯಲ್ಲಿರುವ ಒಂದು ತಿರುಗುವ ಕಿಣ್ವವನ್ನು ತಿರುಗಿಸಿ ಎಟಿಪಿ ಮಾಡಿಸುತ್ತವೆ. ಈ ಬ್ಯಾಕ್ಟೀರಿಯಾಗಳ ನಿಜವಾದ ಆದಾಯ ಇಷ್ಟೇ. ಅಮೈನೋ ಆಮ್ಲ ತಿಂದದ್ದರ ಲಾಭ ಹೊಟ್ಟೆಯಲ್ಲಿ ಸಿಗುವುದಿಲ್ಲ, ಉಸಿರಿನಲ್ಲಿ ಸಿಗುತ್ತದೆ. ಆ ಲಾಭವೂ ತೀರ ತೆಳು. ಆಮ್ಲಜನಕ ಉಸಿರಾಡುವ ಬ್ಯಾಕ್ಟೀರಿಯಾ ಅದೇ ಅಲನಿನ್‌ನಿಂದ ಕಟ್ಟಿಕೊಳ್ಳುವ ಮೈಯ ಮುಂದೆ ಇವುಗಳದ್ದು ಏನೇನೂ ಅಲ್ಲ. ಅದಕ್ಕೇ ಇವು ನಿಧಾನವಾಗಿ ಬೆಳೆಯುತ್ತವೆ, ಅದಕ್ಕೇ ಕೊಂಚ ಬೆಳೆಯಲು ಇಷ್ಟೊಂದು ಸಲ್ಫೈಡ್ ಉಗುಳುತ್ತವೆ.

ಈ ಸಲ್ಫೇಟ್ ಖರ್ಚನ್ನೇ ಬಳಸಿಕೊಂಡು ಇವುಗಳನ್ನು ಉಪವಾಸ ಕೆಡವುವ ಒಂದು ತಂತ್ರವಿದೆ. ಮಾಲಿಬ್ಡೇಟ್ ಎಂಬ ಲವಣ ಆಕಾರದಲ್ಲಿ ಸಲ್ಫೇಟನ್ನು ಹೋಲುತ್ತದೆ. ಬ್ಯಾಕ್ಟೀರಿಯಾ ಮೋಸಹೋಗಿ ಅದಕ್ಕೆ ಎಟಿಪಿ ಖರ್ಚು ಮಾಡುತ್ತದೆ. ಹುಟ್ಟಿದ ಸಂಯುಕ್ತ ಆ ಕ್ಷಣವೇ ಒಡೆದುಹೋಗುತ್ತದೆ. ಮತ್ತೆ ಖರ್ಚು, ಮತ್ತೆ ಒಡೆತ. ಕಡಲ ತಳದ ಕೆಸರಿಗೆ ಮಾಲಿಬ್ಡೇಟ್ ಹಾಕಿ ಇವರ ಕೆಲಸ ನಿಲ್ಲಿಸಿ, ಯಾವ ಪದಾರ್ಥ ತಿನ್ನುವವರಿಲ್ಲದೆ ರಾಶಿ ಬೀಳುತ್ತದೆ ಎಂದು ನೋಡಿದರೆ ಇವು ಮೊದಲು ಏನು ತಿನ್ನುತ್ತಿದ್ದವು ಎಂದು ತಿಳಿಯುತ್ತದೆ. ಡೆನ್ಮಾರ್ಕಿನವರು 1981ರಲ್ಲಿ ಹೀಗೆ ಮಾಡಿದಾಗ ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್, ಹೈಡ್ರೋಜನ್ ರಾಶಿಯಾದವು. ಹಾಗಾಗಿ ನನ್ನ ಉತ್ಸಾಹಕ್ಕೂ ಒಂದು ಮಿತಿ ಹಾಕಿಕೊಳ್ಳಬೇಕು. ಕಡಲ ಕೆಸರಿನ ಸಲ್ಫೇಟ್ ಉಸಿರಾಟದ ಬಹುಪಾಲು ನಡೆಯುವುದು ಈ ಚಿಕ್ಕ ಆಮ್ಲಗಳ ಮತ್ತು ಹೈಡ್ರೋಜನ್ ಬಲದಿಂದ. ಅಮೈನೋ ಆಮ್ಲವನ್ನು ನೇರವಾಗಿ ತಿನ್ನುವವರ ಪಾಲು ಅದಕ್ಕಿಂತ ಚಿಕ್ಕದು.

ಆದರೆ ಆ ಚಿಕ್ಕ ಆಮ್ಲಗಳಾದರೂ ಎಲ್ಲಿಂದ ಬಂದವು? ಸತ್ತ ಪಾಚಿ, ಸತ್ತ ಬ್ಯಾಕ್ಟೀರಿಯಾ, ಎಲೆ, ಮೀನಿನ ಹಿಕ್ಕೆ ಕೆಸರು ಸೇರುತ್ತವೆ. ಬ್ಯಾಕ್ಟೀರಿಯಾದ ಒಣ ತೂಕದಲ್ಲಿ ಅರ್ಧದಷ್ಟು ಪ್ರೋಟೀನ್. ದೊಡ್ಡ ಪ್ರೋಟೀನ್ ಕಣ ಯಾವ ಬ್ಯಾಕ್ಟೀರಿಯಾದ ಬಾಯಿಗೂ ಹಿಡಿಸುವುದಿಲ್ಲ, ಹೊರಗೇ ಕತ್ತರಿಸಬೇಕು. ಆ ಕೆಲಸದಲ್ಲಿ ಕ್ಲಾಸ್ಟ್ರಿಡಿಯಂ ಬಳಗದವರು ನಿಸ್ಸೀಮರು. ಅವರಲ್ಲಿ ಕೆಲವರು ಎರಡು ಅಮೈನೋ ಆಮ್ಲಗಳನ್ನು ಜೋಡಿ ಮಾಡಿ, ಒಂದರ ಎಲೆಕ್ಟ್ರಾನ್ ಕಿತ್ತು ಇನ್ನೊಂದಕ್ಕೆ ಕೊಟ್ಟು, ಸಲ್ಫೇಟ್ ಹಂಗಿಲ್ಲದೆ ಬದುಕುತ್ತಾರೆ. ಕೇಂಬ್ರಿಜ್‌ನ ಸ್ಟಿಕ್‌ಲ್ಯಾಂಡ್ ಇದನ್ನು ಕಂಡದ್ದು 1934ರಲ್ಲಿ. ಸಲ್ಫೇಟ್ ಉಸಿರಾಡುವವರು ಕೂರುವುದು ಈ ಪಂಕ್ತಿಯ ಎರಡನೇ ಸಾಲಿನಲ್ಲಿ. ಬಿಡಿಯಾಗಿ ಬಂದ ಅಮೈನೋ ಆಮ್ಲ ಸಿಕ್ಕರೆ ಅದು, ಸಿಗದಿದ್ದರೆ ಹುದುಗಿ ಬಂದ ಆಮ್ಲ.

ಆ ಸಾಲಿನೊಳಗೂ ಸರದಿಯಿದೆ. ಬೊಗೊಟಾದ ಅಮೈನೋಫಿಲಸ್ ಲ್ಯೂಸಿನ್ ಎಂಬ ಕವಲೊಡೆದ ಅಮೈನೋ ಆಮ್ಲವನ್ನು ತಿಂದು ಐಸೊವಲೆರೇಟ್ ಬಿಡುತ್ತದೆ. ವ್ಯಾಲಿನ್‌ನಿಂದ ಐಸೊಬ್ಯುಟಿರೇಟ್ ಬಿಡುತ್ತದೆ. ಬೆವರಿದ ಕಾಲುಚೀಲಕ್ಕೂ ಹಳೆಯ ಚೀಸ್‌ಗೂ ಬರುವ ಘಾಟು ಈ ಬಗೆಯ ಆಮ್ಲಗಳದ್ದು. ಅರ್ಧ ತಿಂದು ಬಿಟ್ಟ ಈ ಎಂಜಲನ್ನು ಪೂರ್ತಿ ಇಂಗಾಲದ ಡೈಆಕ್ಸೈಡ್ ಮಾಡುವವರೂ ಸಲ್ಫೇಟ್ ಉಸಿರಾಡುವವರಲ್ಲೇ ಇದ್ದಾರೆ, ವಿಡ್ಡೆಲ್ ಹಿಡಿದ ದಪ್ಪ ದಪ್ಪ ಕುಲಗಳು. ಸಿಹಿನೀರಿನ ಕೆರೆಯ ತಳದಂತೆ ಸಲ್ಫೇಟ್ ತೀರಿಹೋದ ಕಡೆ ಇನ್ನೊಂದು ಆಟ ಶುರು. ಎಲೆಕ್ಟ್ರಾನ್‌ಗಳನ್ನು ಹೈಡ್ರೋಜನ್ ಮಾಡಿ ಹೊರಗೆ ಬಿಡುತ್ತವೆ, ಪಕ್ಕದಲ್ಲಿ ಕಾದಿರುವ ಮೀಥೇನ್ ತಯಾರಕ ಜೀವಿಗಳು ಅದನ್ನು ತಕ್ಷಣ ನುಂಗುತ್ತವೆ. ನುಂಗುವವರಿಲ್ಲದೆ ಹೈಡ್ರೋಜನ್ ಕೂಡಿಕೊಂಡರೆ ಅಮೈನೋ ಆಮ್ಲ ಒಡೆಯುವ ಕ್ರಿಯೆಯೇ ನಿಂತುಹೋಗುತ್ತದೆ.

ಈ ಎಲ್ಲ ವ್ಯವಹಾರ ಎಷ್ಟು ದೊಡ್ಡದು ಎಂದು ಅಳೆದವನು ಡೆನ್ಮಾರ್ಕಿನ ಬೋ ಬಾರ್ಕರ್ ಯರ್ಗೆನ್ಸನ್. 1970ರ ದಶಕದಲ್ಲಿ ಲಿಮ್‌ಫ್ಯೋರ್ಡ್ ಎಂಬ ಕಡಲ ಹಿನ್ನೀರಿನ ತಳದಿಂದ ಕೊಳವೆಯಲ್ಲಿ ಕೆಸರು ಎತ್ತಿ, ಅದಕ್ಕೆ ವಿಕಿರಣಶೀಲ ಗಂಧಕವಿರುವ ಸಲ್ಫೇಟನ್ನು ಸೂಜಿಯಿಂದ ಚುಚ್ಚಿ, ಕೆಲವು ಗಂಟೆಗಳಲ್ಲಿ ಎಷ್ಟು ಸಲ್ಫೈಡ್ ಆಯಿತು ಎಂದು ಎಣಿಸಿದ. ಅಲ್ಲಿ ತಳ ಸೇರುವ ಸಾವಯವ ಪದಾರ್ಥದಲ್ಲಿ ಸುಮಾರು ಅರ್ಧದಷ್ಟನ್ನು ಕೊನೆಗೆ ಉರಿಸುವುದು ಸಲ್ಫೇಟ್ ಉಸಿರಾಟವೇ ಎಂದು ಲೆಕ್ಕ ಬಂತು. ನಮ್ಮ ಪಶ್ಚಿಮ ಕರಾವಳಿಯ ಕಾಂಡ್ಲಾ ಕೆಸರಿನಲ್ಲೂ ಇವು ಹೇರಳವಾಗಿ ಇರುವುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 1980ರ ದಶಕದ ಕೊನೆಯಿಂದಲೇ ದಾಖಲಿಸುತ್ತ ಬಂದಿದ್ದಾರೆ.

ಇಷ್ಟು ಹೊತ್ತು ಅಮೈನೋ ಆಮ್ಲವನ್ನು ಉರುವಲಾಗಿ ನೋಡಿದೆವು. ಬೆಳೆಯುವುದಕ್ಕೆ ಅದು ಇಟ್ಟಿಗೆಯಾಗಿಯೂ ಬೇಕು. ತಯಾರಾಗಿ ಸಿಕ್ಕರೆ ತೆಗೆದುಕೊಳ್ಳುವ ಈ ಬ್ಯಾಕ್ಟೀರಿಯಾಗಳಲ್ಲಿ ಹಲವು, ಸಿಗದಿದ್ದರೆ ಎಲ್ಲ 20ನ್ನೂ ಸ್ವತಃ ಮಾಡಿಕೊಳ್ಳಬಲ್ಲವು. ಹೇಗೆ ಎಂಬುದು ಸುಲಭದ ಪ್ರಶ್ನೆ ಅಂದುಕೊಂಡಿದ್ದರು. ಇಂಗ್ಲೆಂಡಿನ ಕೆಂಟ್ ಪ್ರಾಂತದ ಹಿಲ್ಡನ್‌ಬರೊ ಊರಿನ ಜೇಡಿಮಣ್ಣಿನಿಂದ 1946ರಲ್ಲಿ ಹೆಕ್ಕಿದ ಡೀಸಲ್ಫೋವಿಬ್ರಿಯೋ ವಲ್ಗಾರಿಸ್ ಈ ಬಳಗದ ಪ್ರಯೋಗಾಲಯದ ಪ್ರಾ‌ಣಿ. 2004ರಲ್ಲಿ ಅದರ ಪೂರ್ತಿ ಜೀನೋಮ್ ಓದಿದಾಗ ಮಿಥಿಯೊನಿನ್ ತಯಾರಿಸುವ, ಪಠ್ಯಪುಸ್ತಕದಲ್ಲಿರುವ ಜೀನ್‌ಗಳೇ ಕಾಣಲಿಲ್ಲ. ಆದರೆ ಮಿಥಿಯೊನಿನ್ ಕೊಡದಿದ್ದರೂ ಅದು ಆರಾಮಾಗಿ ಬೆಳೆಯುತ್ತಿತ್ತು. ಸಾವಿರಾರು ಜೀನ್‌ಗಳನ್ನು ಒಂದೊಂದಾಗಿ ಕೆಡಿಸಿ ಯಾವುದು ಕೆಟ್ಟರೆ ಮಿಥಿಯೊನಿನ್ ಬೇಡುತ್ತದೆ ಎಂದು ಹುಡುಕಿ, ಅಮೆರಿಕದ ಒಂದು ತಂಡ 2018ರಲ್ಲಿ ಉತ್ತರ ಪ್ರಕಟಿಸಿತು. ಬೇರೆ ಬ್ಯಾಕ್ಟೀರಿಯಾಗಳು ಹಲವು ಮೆಟ್ಟಿಲು ಹತ್ತಿ ಗಂಧಕ ಸೇರಿಸುವ ಕಡೆ ಇದು ಸಲ್ಫೈಡನ್ನು ನೇರವಾಗಿ ತುರುಕಿ ಮಿಥಿಯೊನಿನ್‌ನ ಹಿಂದಿನ ಹಂತವಾದ ಹೋಮೊಸಿಸ್ಟೀನ್ ಮಾಡಿಕೊಳ್ಳುತ್ತದೆ. ಸುತ್ತಮುತ್ತ ಸಲ್ಫೈಡ್ ತುಂಬಿ ತುಳುಕುವ ಮನೆಯಲ್ಲಿ ಇದು ಸಹಜವೇ. ತಾನೇ ಉಗುಳಿದ ವಿಷ ಇದರ ಅಡುಗೆಗೆ ಸಾಮಗ್ರಿ. ಉಪ್ಪು ಹೆಚ್ಚಾದಾಗ ನೀರು ಕಳೆದುಕೊಳ್ಳದಿರಲು ಗ್ಲುಟಮೇಟನ್ನು ಒಳಗೆ ತುಂಬಿಕೊಳ್ಳುವುದೂ ಇದೇ ಹಿಲ್ಡನ್‌ಬರೊ ತಳಿಯಲ್ಲಿ ಕಂಡಿದೆ.

ಕಡಲ ಕೆಸರನ್ನು ಬಿಟ್ಟು ಊರಿಗೆ ಬರೋಣ. ಮನೆಗಳಿಂದ ಹೊರಡುವ ಕೊಳಚೆಯ ಸಾವಯವ ಪದಾರ್ಥದಲ್ಲಿ ಶೇ 40ರಿಂದ 60ರಷ್ಟು ಪ್ರೋಟೀನ್ ಎಂದು ಒಳಚರಂಡಿ ಎಂಜಿನಿಯರುಗಳ ಕೈಪಿಡಿಗಳು ಹೇಳುತ್ತವೆ. ಸಲ್ಫೇಟಿಗೂ ಬರವಿಲ್ಲ: ಕೊಳವೆಬಾವಿಯ ನೀರಿನಲ್ಲಿದೆ, ಮೂತ್ರದಲ್ಲಿದೆ, ಬಟ್ಟೆ ಒಗೆಯುವ ಪುಡಿಯಲ್ಲಿದೆ. ಪೈಪಿನ ಒಳಗೋಡೆಗೆ ಅಂಟಿದ ಲೋಳೆಯಲ್ಲಿ ಆಮ್ಲಜನಕ ತೀರಿದ ಕೂಡಲೇ ಅಘನಾಶಿನಿಯ ಕೆಸರಿನ ಅಡುಗೆಯೇ ಇಲ್ಲೂ ಶುರು. ಇಲ್ಲಿ ಪ್ರೋಟೀನಿನ ಗಂಧಕವೂ ಸೇರಿಕೊಳ್ಳುತ್ತದೆ. ಮೇಲೇರಿದ ಅನಿಲ ಪೈಪಿನ ಚಾವಣಿಯ ತೇವದಲ್ಲಿ ಕರಗಿ, ಅಲ್ಲಿ ಬೇರೆ ಬ್ಯಾಕ್ಟೀರಿಯಾಗಳ ಕೈಯಲ್ಲಿ ಗಂಧಕಾಮ್ಲವಾಗಿ, ಕಾಂಕ್ರೀಟನ್ನು ಮೆತ್ತಗಿನ ಜಿಪ್ಸಂ ಮಾಡಿಬಿಡುತ್ತದೆ. ಮೆಲ್ಬೋರ್ನ್‌ನಲ್ಲಿ ಕುಸಿಯುತ್ತಿದ್ದ ಚರಂಡಿಗಳ ಹಿಂದೆ ಬ್ಯಾಕ್ಟೀರಿಯಾಗಳ ಕೈವಾಡವಿದೆ ಎಂದು ಪಾರ್ಕರ್ ತೋರಿಸಿದ್ದು 1945ರಲ್ಲಿ.

ಕಾಂಕ್ರೀಟ್ ಹೋದರೆ ಮತ್ತೆ ಹಾಕಬಹುದು. ಈ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ, ಅದೂ ಮೂಗನ್ನು ಮೊದಲು ಕೊಂದು. ಗಾಳಿಯಲ್ಲಿ ನೂರು ಕೋಟಿಗೊಂದು ಪಾಲಿನ ಲೆಕ್ಕದಲ್ಲಿ, ಬೆರಳೆಣಿಕೆಯಷ್ಟಿದ್ದರೂ ನಮ್ಮ ಮೂಗು ಇದನ್ನು ಹಿಡಿಯುತ್ತದೆ. ಹತ್ತು ಲಕ್ಷಕ್ಕೆ ನೂರು ಪಾಲಿನ ಹತ್ತಿರ ಬಂದಾಗ ವಾಸನೆಯ ನರ ಸ್ತಬ್ಧವಾಗುತ್ತದೆ, ಘಾಟು ಇಲ್ಲವಾಯಿತು ಎಂದೇ ಅನ್ನಿಸುತ್ತದೆ. ಸಾವಿರದ ಹತ್ತಿರ ಬಂದರೆ ಒಂದೆರಡು ಉಸಿರಿಗೆ ಆಳು ಕುಸಿಯುತ್ತಾನೆ. ಒಬ್ಬನನ್ನು ಎತ್ತಲು ಇಳಿದವನೂ, ಅವನ ಹಿಂದೆ ಇಳಿದವನೂ ಸಾಯುವುದು ಹೀಗೆ. ಕೊಳಚೆ ತೊಟ್ಟಿಯ ತಳದ ಗಸಿಯನ್ನು ಕದಡಿದಾಗ ಅದರಲ್ಲಿ ಸಿಕ್ಕಿಕೊಂಡಿದ್ದ ಅನಿಲ ಒಮ್ಮೆಲೇ ಹೊರಬರುತ್ತದೆ. ಇಳಿಯುವ ಮೊದಲು ಮೂಸಿ ನೋಡಿದ್ದಕ್ಕೆ, ಬೆಂಕಿಕಡ್ಡಿ ಗೀರಿ ನೋಡಿದ್ದಕ್ಕೆ ಅಲ್ಲಿ ಯಾವ ಅರ್ಥವೂ ಉಳಿಯುವುದಿಲ್ಲ.

ಈ ಸಾವುಗಳ ವಿರುದ್ಧ ದಶಕಗಳಿಂದ ಹೋರಾಡುತ್ತಿರುವ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಕ್ಷಣಾ ಸಾಧನಗಳಿಲ್ಲದೆ ಮ್ಯಾನ್‌ಹೋಲ್‌ಗೆ, ಸೆಪ್ಟಿಕ್ ಟ್ಯಾಂಕ್‌ಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಕಾಯ್ದೆ ಸರ್ಕಾರಿ ಚರಂಡಿಗೆ ಮಾತ್ರ ಅನ್ವಯಿಸುತ್ತದೆ ಎಂದು ತಿಳಿದವರು ಬಹಳ. ನಿಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಗೂ (ಕೊಳಚೆ ನೀರು ಶುದ್ಧೀಕರಣ ಘಟಕ), ನಿಮ್ಮ ಮನೆ ಹಿಂದಿನ ಗುಂಡಿಗೂ ಅದು ಅನ್ವಯಿಸುತ್ತದೆ. ಗುಂಡಿ ತುಂಬಿದರೆ ಯಂತ್ರದ ಗಾಡಿ ಕರೆಸಿ, ಬರುವುದು ಒಂದು ದಿನ ತಡವಾದರೂ ಕಾಯಿರಿ. ಯಾರನ್ನೂ ಒಳಗೆ ಇಳಿಸಬೇಡಿ.